ನಗೊಯಾ: ಎರಡು ಮೀಟಿಂಗ್ ನಡುವೆ ಊರು ನೋಡಿ ಬರುವುದು ಹೇಗೆ

ಜಪಾನಿಗೆ ಆಫೀಸ್ ಕೆಲಸದ ಮೇಲೆ ಹೋಗಿ ಬಂದವರಿಂದ ನಾನು ಮತ್ತೆ ಮತ್ತೆ ಕೇಳುವ ಮಾತು ಒಂದೇ. "ನಡುವೆ ಮೂರು ಗಂಟೆ ಬಿಡುವಿತ್ತು. ಎಲ್ಲಿಗೆ ಹೋಗೋದು ಅಂತ ಫೋನ್ ನೋಡ್ತಾ ನೋಡ್ತಾ ಹೊತ್ತು ಹೋಯ್ತು. ಸ್ಟೇಷನ್ ಕೆಳಗಿನ ಅಂಗಡಿಗಳಲ್ಲೇ ಸುತ್ತಿ ವಾಪಸ್ ಬಂದೆ." ಇನ್ನೂ ಕೆಲವರು ಧೈರ್ಯ ಮಾಡಿ ಹೊರಟಿರುತ್ತಾರೆ. ಕೋಟೆ ತಲುಪುವ ಹೊತ್ತಿಗೆ ಬಾಗಿಲು ಹಾಕಿರುತ್ತದೆ. ಅಲ್ಲಿಂದ ಓಡೋಡಿ ಬಂದು, ಬೆವರು ಒರೆಸಿಕೊಳ್ಳುತ್ತಾ ಮೀಟಿಂಗಿಗೆ ಕೂತಿರುತ್ತಾರೆ.

ಎಲ್ಲರೂ ಎಡವುವುದು ಒಂದೇ ಕಡೆ. ಮೊದಲು ಜಾಗ ಆರಿಸುತ್ತಾರೆ, ಆಮೇಲೆ ಸಮಯ ನೋಡುತ್ತಾರೆ. ಮೊದಲು ವಾಪಸ್ ಬಂದು ನಿಲ್ಲಬೇಕಾದ ಹೊತ್ತನ್ನು ಬರೆದುಕೊಳ್ಳಿ. ಅಲ್ಲಿಂದ ಹಿಂದಕ್ಕೆ ಎಣಿಸಿ. ಉಳಿದ ಸಮಯಕ್ಕೆ ಹೊಂದುವ ಜಾಗಕ್ಕೆ ಮಾತ್ರ ಹೋಗಿ.

ಇಲ್ಲಿ ನಗೊಯಾ ಊರನ್ನೇ ತೆಗೆದುಕೊಂಡಿದ್ದೇನೆ. ಬಿಡದಿಯ ಟೊಯೋಟಾ ಕಾರ್ಖಾನೆ, ಅದಕ್ಕೆ ಬಿಡಿಭಾಗ ಒದಗಿಸುವ ಕಂಪನಿಗಳ ಕಡೆಯಿಂದ ಹೋಗುವ ನಮ್ಮವರು ಇಳಿಯುವುದು ಇಲ್ಲಿಯೇ. ಕ್ರಮ ಒಮ್ಮೆ ಕೈಗೆ ಹತ್ತಿದರೆ ಒಸಾಕಾ, ಫುಕುವೊಕಾದಲ್ಲೂ ಇದೇ ನಡೆಯುತ್ತದೆ.

## ಹಂತ 1: ಹೊರಡುವ ಮೊದಲು, ಮನೆಯಲ್ಲೇ

ಮೀಟಿಂಗ್ ಇರುವ ಊರು ಯಾವುದು ಅಂತ ಸರಿಯಾಗಿ ತಿಳಿದುಕೊಳ್ಳಿ. "ನಗೊಯಾದಲ್ಲಿ" ಅಂತ ಹೇಳಿರುತ್ತಾರೆ, ಆದರೆ ವಿಳಾಸ ಟೊಯೋಟಾ ಸಿಟಿಯದ್ದೋ ಕರಿಯಾದ್ದೋ ಆಗಿರಬಹುದು. ಕರಿಯಾಕ್ಕೆ ಜೆಆರ್ (ಜಪಾನ್ ರೈಲ್ವೆ) ವೇಗದ ಗಾಡಿಯಲ್ಲಿ ಸುಮಾರು 20 ನಿಮಿಷ. ಟೊಯೋಟಾ ಸಿಟಿಗೆ ಸಬ್‌ವೇ ದಾರಿಯಲ್ಲಿ ಹತ್ತಿರ ಹತ್ತಿರ ಒಂದು ಗಂಟೆ. ಬೆಳಿಗ್ಗೆ ಅಲ್ಲಿ, ಮಧ್ಯಾಹ್ನ ನಗೊಯಾದಲ್ಲಿ ಮೀಟಿಂಗ್ ಇದ್ದರೆ ನಿಮ್ಮ ಬಿಡುವು ರೈಲಿನಲ್ಲೇ ಕರಗಿತು. ಆ ದಿನ ಊರು ನೋಡುವ ಆಸೆ ಬಿಟ್ಟು, ಮರುದಿನದ ಮುಂಜಾನೆ ಹಿಡಿಯಿರಿ.

ವಾರದ ರಜೆ ನೋಡಿಕೊಳ್ಳಿ. ನಗೊಯಾದ ಟೊಯೋಟಾ ಕೈಗಾರಿಕೆ ಮತ್ತು ತಂತ್ರಜ್ಞಾನ ಮ್ಯೂಸಿಯಂ, ತೊಕುಗಾವಾ ಕಲಾ ಮ್ಯೂಸಿಯಂ ಎರಡಕ್ಕೂ ಸೋಮವಾರ ರಜೆ. ಸೋಮವಾರ ಸರ್ಕಾರಿ ರಜೆ ಬಂದರೆ ಅವತ್ತು ತೆರೆದು, ಮರುದಿನ ಮುಚ್ಚುತ್ತಾರೆ. ರೈಲ್ವೆ ಮ್ಯೂಸಿಯಂಗೆ ರಜೆ ಮಂಗಳವಾರ. ಹೋಗಬೇಕೆಂದಿರುವ ಐದಾರು ಜಾಗಗಳನ್ನು ಮ್ಯಾಪಿನಲ್ಲಿ ಗುರುತು ಹಾಕಿ, ಪಕ್ಕದಲ್ಲಿ ರಜೆ ದಿನ ಮತ್ತು ಕೊನೆಯ ಪ್ರವೇಶದ ಸಮಯ ಬರೆದಿಡಿ. ಮುಚ್ಚುವ ಸಮಯ ಬೇರೆ, ಕೊನೆಯ ಪ್ರವೇಶ ಬೇರೆ. ಬೇಕಾಗಿರುವುದು ಎರಡನೆಯದು.

ಬ್ಯಾಗಿಗೆ ಹಾಕಬೇಕಾದವು:

- ಎರಡು ಚಪ್ಪಟೆ ಕಡ್ಡಿಯ ಪ್ಲಗ್ ಅಡಾಪ್ಟರ್. ಜಪಾನಿನದು 100 ವೋಲ್ಟ್, ನಮ್ಮ ದುಂಡು ಪಿನ್ನು ಅಲ್ಲಿ ಕೂರುವುದಿಲ್ಲ.
- ಲೇಸ್ ಇಲ್ಲದ, ಕಾಲಿಗೆ ಆಗಲೇ ಪಳಗಿದ ಕಪ್ಪು ಶೂ. ಹೊಸ ಶೂ ಬೇಡವೇ ಬೇಡ.
- ತೂತಿಲ್ಲದ ಸಾಕ್ಸ್, ದಿನಕ್ಕೆ ಎರಡು ಜೊತೆ. ಕೋಟೆಯ ಅರಮನೆಯಲ್ಲಿ ಶೂ ಬಿಚ್ಚಬೇಕು.
- ಒಂದು ಕೈವಸ್ತ್ರ ಮತ್ತು ಒಂದು ಪ್ಲಾಸ್ಟಿಕ್ ಕವರ್. ಬೀದಿಯಲ್ಲಿ ಕಸದ ಡಬ್ಬ ಸಿಗುವುದು ಅಪರೂಪ. ಖಾಲಿ ಬಾಟಲಿ, ಬಾಳೆಹಣ್ಣಿನ ಸಿಪ್ಪೆ ಎಲ್ಲವೂ ನಿಮ್ಮ ಜೊತೆಗೇ ತಿರುಗುತ್ತವೆ.

ಫೋನಿನಲ್ಲಿ ಅನುವಾದದ ಆ್ಯಪ್ ಹಾಕಿ, ಜಪಾನಿ ಭಾಷೆಯನ್ನು ಇಳಿಸಿಟ್ಟುಕೊಳ್ಳಿ. ಕ್ಯಾಮೆರಾ ಹಿಡಿದರೆ ಬೋರ್ಡು ಓದುವ ಸೌಲಭ್ಯವೇ ನಿಮಗೆ ಜಾಸ್ತಿ ಬೇಕಾಗುವುದು.

## ಹಂತ 2: ಬಂದಿಳಿದ ಸಂಜೆ 40 ನಿಮಿಷ ಸ್ಟೇಷನ್ನಿಗೆ ಕೊಡಿ

ಈ ಹಂತವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಮರುದಿನ ಬಿಡುವು ಹಾಳಾಗುವುದು ಇದರಿಂದಲೇ. ಸುಸ್ತಾಗಿದ್ದರೂ ಒಮ್ಮೆ ನಗೊಯಾ ಸ್ಟೇಷನ್ ಒಳಗೆ ನಡೆದು ಬನ್ನಿ.

ಮೊದಲು ಎರಡು ಗಡಿಯಾರ ಹುಡುಕಿ. ಪೂರ್ವದ ಸಕುರಾದೋರಿ ಕಡೆಯ ಬಾಗಿಲಿನ ಹತ್ತಿರ ಚಿನ್ನದ ಬಣ್ಣದ ಗಡಿಯಾರ. ಪಶ್ಚಿಮದ ತೈಕೊದೋರಿ ಕಡೆ, ಬುಲೆಟ್ ರೈಲು ಹತ್ತುವ ಬದಿಗೆ, ಬೆಳ್ಳಿ ಬಣ್ಣದ್ದು. ಊರಿನವರೆಲ್ಲ "ಚಿನ್ನದ ಗಡಿಯಾರದ ಹತ್ತಿರ ಸಿಗೋಣ" ಅಂತಲೇ ಹೇಳುತ್ತಾರೆ. ಎರಡರ ನಡುವೆ ಉದ್ದಕ್ಕೆ ಒಂದು ಹಜಾರವಿದೆ. ಒಮ್ಮೆ ಆ ತುದಿಯಿಂದ ಈ ತುದಿಗೆ ನಡೆಯಿರಿ. ಇಷ್ಟಾದರೆ ಮರುದಿನ ದಿಕ್ಕು ತಪ್ಪುವುದಿಲ್ಲ. ತಪ್ಪು ಬಾಗಿಲಿನಿಂದ ಹೊರಬಿದ್ದರೆ ಸುತ್ತಿ ಬರಲು ಕಾಲು ಗಂಟೆ ಬೇಕು.

ಆಮೇಲೆ ರೈಲು ಹತ್ತಲು ಬೇಕಾದ ಪ್ರಯಾಣದ ಕಾರ್ಡ್. ಇಲ್ಲಿನ ಸ್ಥಳೀಯ ಕಾರ್ಡಿನ ಹೆಸರು ಮನಾಕಾ. 500 ಯೆನ್ ಠೇವಣಿ ಇಟ್ಟುಕೊಳ್ಳುತ್ತಾರೆ, ಉಳಿದ ಹಣ ಪ್ರಯಾಣಕ್ಕೆ. ಟೋಕಿಯೊದ ಸುಯಿಕಾ ಮೊದಲೇ ಇದ್ದರೆ ಇಲ್ಲೂ ಅದೇ ಸಾಕು. ಕಾರ್ಡಿಗೆ ಹಣ ತುಂಬುವ ಮೆಷಿನ್ನಿಗೆ ನೋಟು ಬೇಕು, ಹಾಗಾಗಿ ನಗದು ಇಟ್ಟುಕೊಳ್ಳಿ. ಸೆವೆನ್ ಇಲೆವೆನ್ ಅಂಗಡಿಯ ಎಟಿಎಂಗಳು ಹೊರದೇಶದ ಕಾರ್ಡು ತೆಗೆದುಕೊಳ್ಳುತ್ತವೆ.

ಮೂರನೆಯದು ಲಾಕರ್. ಎಲ್ಲಿವೆ, ನಿಮ್ಮ ಬ್ಯಾಗಿಗೆ ಯಾವ ಅಳತೆ ಬೇಕು ಅಂತ ನೋಡಿಟ್ಟುಕೊಳ್ಳಿ. ದೊಡ್ಡ ಲಾಕರುಗಳು ಬೆಳಿಗ್ಗೆಯೇ ತುಂಬಿಹೋಗುತ್ತವೆ. ಕೆಲವಕ್ಕೆ ನಿಮ್ಮ ಮನಾಕಾ ಕಾರ್ಡೇ ಬೀಗದ ಕೈ. ಯಾವ ಕಾರ್ಡು ಮುಟ್ಟಿಸಿ ಮುಚ್ಚಿದಿರೋ ಅದನ್ನೇ ಮುಟ್ಟಿಸಿದರೆ ಮಾತ್ರ ತೆರೆಯುತ್ತದೆ. ಮುಚ್ಚಿದ ತಕ್ಷಣ ಎರಡು ಫೋಟೊ ತೆಗೆಯಿರಿ. ಒಂದು ಲಾಕರ್ ನಂಬರಿನದು, ಇನ್ನೊಂದು ನಾಲ್ಕು ಹೆಜ್ಜೆ ಹಿಂದೆ ಸರಿದು ಸುತ್ತಲಿನ ಬೋರ್ಡುಗಳದ್ದು. ನಂಬರ್ ನೆನಪಿದ್ದು ಜಾಗ ಮರೆತವರೇ ಜಾಸ್ತಿ.

ಲ್ಯಾಪ್‌ಟಾಪ್ ಮತ್ತು ಕಂಪನಿ ಕಾಗದಗಳನ್ನು ಲಾಕರಿನಲ್ಲಿಡಬೇಡಿ. ಪಾಸ್‌ಪೋರ್ಟನ್ನು ಹೋಟೆಲಿನಲ್ಲೂ ಬಿಡಬೇಡಿ. ಜಪಾನಿನಲ್ಲಿ ಪ್ರವಾಸಿಗರು ಅದನ್ನು ಸದಾ ಜೊತೆಗೆ ಇಟ್ಟುಕೊಳ್ಳಬೇಕು ಅನ್ನುವುದು ಕಾನೂನು. ಇನ್ನೊಂದು ಸಣ್ಣ ಮಾತು. ಎರಡನೇ ಮೀಟಿಂಗಿನವರಿಗೆ ಮೈಸೂರು ಪಾಕ್ ತಂದಿದ್ದರೆ, ಬೇಸಿಗೆಯಲ್ಲಿ ಅದನ್ನೂ ಲಾಕರಿಗೆ ಹಾಕಬೇಡಿ. ತುಪ್ಪ ಕರಗಿ, ಡಬ್ಬದ ಮೂಲೆಯಿಂದ ಇಳಿದು, ಉಡುಗೊರೆಯ ಕಾಗದದ ಮೇಲೆ ಕಲೆಯಾಗಿರುತ್ತದೆ. ಅದನ್ನು ಕೈಗೆ ಕೊಡುವುದು ಹೇಗೆ?

## ಹಂತ 3: ಬಿಡುವನ್ನು ಹಿಂದಿನಿಂದ ಲೆಕ್ಕ ಹಾಕಿ

ಒಂದು ಉದಾಹರಣೆ. ಮೊದಲ ಮೀಟಿಂಗ್ 11ಕ್ಕೆ ಮುಗಿಯುತ್ತದೆ, ಎರಡನೆಯದು 2ಕ್ಕೆ. ಮೂರು ಗಂಟೆ ಇದೆ ಅಂತ ಅನಿಸುತ್ತದೆ ಅಲ್ವಾ?

2 ಗಂಟೆಯ ಮೀಟಿಂಗಿಗೆ ರಿಸೆಪ್ಶನ್ನಿನಲ್ಲಿ 1:50ಕ್ಕೆ ಇರಬೇಕು. ತಡವಂತೂ ಆಗಲೇಬಾರದು. ಅರ್ಧ ಗಂಟೆ ಮೊದಲು ಹೋಗಿ ನಿಲ್ಲುವುದೂ ಅವರಿಗೆ ಇಕ್ಕಟ್ಟು. ಅದಕ್ಕೂ ಮೊದಲು ಮುಖ ತೊಳೆದು, ಅಂಗಿ ಸರಿ ಮಾಡಿಕೊಂಡು, ಫೈಲು ತೆರೆದು ನೋಡಲು 20 ನಿಮಿಷ. 1:30 ಆಯಿತು. ರೈಲು ಮತ್ತು ನಡಿಗೆಗೆ 35 ನಿಮಿಷ, 12:55. ಊಟಕ್ಕೆ ಅರ್ಧ ಗಂಟೆ, 12:25.

ಈಗ ಮುಂದಿನ ತುದಿ ನೋಡಿ. ಮೀಟಿಂಗ್ 11ಕ್ಕೆ ಮುಗಿದರೂ ನೀವು 11ಕ್ಕೆ ಹೊರಗೆ ಬರುವುದಿಲ್ಲ. ಅವರು ನಿಮ್ಮ ಜೊತೆ ಲಿಫ್ಟಿನ ತನಕ ಬರುತ್ತಾರೆ. ಅಲ್ಲಿ ಮತ್ತೆ ನಾಲ್ಕು ಮಾತು. ಲಿಫ್ಟಿನ ಬಾಗಿಲು ಮುಚ್ಚುವವರೆಗೂ ತಲೆ ಬಾಗಿಸಿ ನಿಂತಿರುತ್ತಾರೆ. ಆ ಹೊತ್ತಿನಲ್ಲಿ ಗಡಿಯಾರ ನೋಡುವುದು ಒಳ್ಳೆಯದಲ್ಲ. ಇದಕ್ಕೆ 15 ನಿಮಿಷ ಸುಮ್ನೆ ಬಿಟ್ಟುಬಿಡಿ. 11:15ಕ್ಕೆ ರಸ್ತೆಗೆ ಬಂದಿರಿ. ನಿಮಗೆ ನಿಜವಾಗಿ ಸಿಕ್ಕಿದ್ದು 70 ನಿಮಿಷ, ಅದರೊಳಗೇ ಜಾಗಕ್ಕೆ ಹೋಗುವ ಹೊತ್ತೂ ಸೇರಿದೆ.

ಇನ್ನೊಂದು ಲೆಕ್ಕ ನಮ್ಮ ಊರಿನದು. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಬೆಂಗಳೂರಿನ ಆಫೀಸ್ 9:30ಕ್ಕೆ ತೆರೆದರೆ ಅಲ್ಲಿ ಮಧ್ಯಾಹ್ನ 1 ಗಂಟೆ. ಅಂದರೆ ಬೆಳಗಿನಿಂದ 1ರವರೆಗೆ ಊರಿನಿಂದ ಯಾರೂ ಕರೆ ಮಾಡುವುದಿಲ್ಲ. ಸಂಜೆ ಮಾತ್ರ ತೊಂದರೆ. ಅಲ್ಲಿ 7 ಗಂಟೆಗೆ ನೀವು ಬೀದಿ ಸುತ್ತುತ್ತಿರುವಾಗ ಇಲ್ಲಿ 3:30, ಕೆಲಸದ ಹೊತ್ತು. ಫೋನ್ ಬರುತ್ತಲೇ ಇರುತ್ತದೆ. ಅದಕ್ಕೇ ನನ್ನ ಸಲಹೆ: ನೀವು ಮನಸಾರೆ ನೋಡಬೇಕೆಂದಿರುವ ಜಾಗವನ್ನು ಮುಂಜಾನೆಗೆ ಇಟ್ಟುಕೊಳ್ಳಿ. ಜೂನಿನಲ್ಲಿ 5 ಗಂಟೆಗೂ ಮೊದಲೇ ಬೆಳಕು ಹರಿದಿರುತ್ತದೆ. ಡಿಸೆಂಬರಿನಲ್ಲಿ ಸಂಜೆ 5ರೊಳಗೆ ಕತ್ತಲು. ಚಳಿಗಾಲದಲ್ಲಿ ಹೋಗುವವರು ಮುಂಜಾನೆಯನ್ನು ಕಳೆದುಕೊಂಡರೆ ಹಗಲನ್ನೇ ಕಳೆದುಕೊಂಡಂತೆ.

## ಹಂತ 4: ಸಿಕ್ಕ ಸಮಯಕ್ಕೆ ತಕ್ಕ ಜಾಗ

45 ನಿಮಿಷಕ್ಕಿಂತ ಕಡಿಮೆ. ರೈಲು ಹತ್ತಬೇಡಿ. ಸ್ಟೇಷನ್ನಿಗೆ ಅಂಟಿಕೊಂಡ ಡಿಪಾರ್ಟ್‌ಮೆಂಟ್ ಸ್ಟೋರಿನ ನೆಲಮಾಳಿಗೆಗೆ ಇಳಿಯಿರಿ. ಸಿಹಿತಿಂಡಿಗಳ ಸಾಲು, ಅವುಗಳನ್ನು ಕಟ್ಟಿಕೊಡುವ ಕೈಚಳಕ ನೋಡುವಂಥದ್ದು. ಮನೆಗೆ ಒಯ್ಯುವ ಉಡುಗೊರೆಯೂ ಇಲ್ಲೇ ಮುಗಿಯುತ್ತದೆ.

ಒಂದರಿಂದ ಒಂದೂವರೆ ಗಂಟೆ. ನೊರಿಟಾಕೆ ಗಾರ್ಡನ್. ಸ್ಟೇಷನ್ನಿನಿಂದ ನಡೆದು ಸುಮಾರು 15 ನಿಮಿಷ. ಪಿಂಗಾಣಿ ಕಾರ್ಖಾನೆಯ ಹಳೆಯ ಕೆಂಪು ಇಟ್ಟಿಗೆ ಕಟ್ಟಡಗಳು, ಮರಗಳು, ಕೂರಲು ಬೆಂಚುಗಳು. ತೋಟಕ್ಕೆ ಟಿಕೆಟ್ ಇಲ್ಲ. ರೈಲು ಬೇಕಿಲ್ಲದ ಜಾಗವಾದ್ದರಿಂದ ತಡವಾಗುವ ಭಯವೂ ಕಡಿಮೆ. ಮೊದಲ ಸಲ ಬಂದವರು ಇದರಿಂದಲೇ ಶುರು ಮಾಡಿ.

ಎರಡೂವರೆ ಗಂಟೆ, ಹಗಲು. ಇಲ್ಲಿ ಎರಡು ಆಯ್ಕೆ.

ಒಂದು, ನಗೊಯಾ ಕೋಟೆ. ನಗೊಯಾ ಸ್ಟೇಷನ್ನಿನಿಂದ ಸಬ್‌ವೇಯ ಹಿಗಶಿಯಾಮಾ ಲೈನಿನಲ್ಲಿ ಎರಡನೇ ನಿಲ್ದಾಣ ಸಕಾಯೆ. ಅಲ್ಲಿ ಮೆಯ್ಜೊ ಲೈನಿಗೆ ಬದಲಿಸಿದರೆ ಮತ್ತೆ ಎರಡನೆಯದು ನಗೊಯಾಜೊ. ಈ ನಿಲ್ದಾಣದ ಹೆಸರು 2023ರ ಜನವರಿವರೆಗೆ ಶಿಯಾಕುಶೊ ಅಂತಿತ್ತು. ಹಳೆಯ ನಕ್ಷೆ, ಹಳೆಯ ಲೇಖನ ಹಿಡಿದು ಹೋದವರು ಹೆಸರು ಸಿಗದೆ ಒದ್ದಾಡುತ್ತಾರೆ. ಕೋಟೆಗೆ ಬೆಳಿಗ್ಗೆ 9ರಿಂದ ಸಂಜೆ 4:30. ಆದರೆ ಅರಮನೆಯೊಳಗೆ 4ರ ನಂತರ ಬಿಡುವುದಿಲ್ಲ. ಎತ್ತರದ ಮುಖ್ಯ ಗೋಪುರಕ್ಕೆ 2018ರ ಮೇಯಿಂದ ಪ್ರವೇಶವಿಲ್ಲ, ಹೊರಗಿನಿಂದ ನೋಡಬೇಕು. ಅದನ್ನು ತಿಳಿಯದೆ ಹೋಗಿ ಬೇಸರ ಪಟ್ಟುಕೊಂಡವರಿದ್ದಾರೆ. ಹಾಗಂತ ಕೋಟೆಯನ್ನು ಬಿಡಬೇಡಿ. ಅದೇ ವರ್ಷ ಪೂರ್ತಿಯಾದ ಹೊಮ್ಮಾರು ಅರಮನೆ ತೆರೆದಿದೆ. ಹಳೆಯ ಮರಗೆಲಸದ ರೀತಿಯಲ್ಲೇ ಮತ್ತೆ ಕಟ್ಟಿದ್ದಾರೆ. ಶೂ ಬಿಚ್ಚಿ ಒಳಗೆ ಕಾಲಿಟ್ಟರೆ ಹಿನೋಕಿ ಮರದ ವಾಸನೆ ಮೂಗಿಗೆ ಬಡಿಯುತ್ತದೆ. ಚಿನ್ನದ ಹಿನ್ನೆಲೆಯ ಬಾಗಿಲುಗಳ ಮೇಲೆ ಹುಲಿಗಳು. ನಿಧಾನಕ್ಕೆ ನೋಡಲು 40 ನಿಮಿಷ ಬೇಕು. ಬೆನ್ನಿನ ಬ್ಯಾಗನ್ನು ಎದೆಗೆ ಹಾಕಿಕೊಳ್ಳಿ, ಗೋಡೆಗೆ ತಾಗಿಸಬೇಡಿ, ಫ್ಲ್ಯಾಶ್ ಆರಿಸಿ.

ಎರಡು, ಟೊಯೋಟಾ ಮ್ಯೂಸಿಯಂ. 9:30ರಿಂದ 5, ಕೊನೆಯ ಪ್ರವೇಶ 4:30. ನಗೊಯಾದಿಂದ ಮೆಯ್ತೆತ್ಸು ಎಂಬ ಖಾಸಗಿ ರೈಲು ಕಂಪನಿಯ ಗಾಡಿಯಲ್ಲಿ ಮುಂದಿನ ನಿಲ್ದಾಣ ಸಕೊ, ಅಲ್ಲಿಂದ ನಡೆದು ಮೂರು ನಿಮಿಷ. ಟೊಯೋಟಾ ಶುರುವಾಗಿದ್ದು ಮಗ್ಗದಿಂದ. ಇಲ್ಲಿ ಹತ್ತಿಯಿಂದ ನೂಲು ತೆಗೆಯುವುದನ್ನು ಸಿಬ್ಬಂದಿ ಕಣ್ಣೆದುರೇ ಮಾಡಿ ತೋರಿಸುತ್ತಾರೆ, ಮಗ್ಗಗಳನ್ನು ಓಡಿಸುತ್ತಾರೆ. ಮನೆಯಲ್ಲಿ ಮಗ್ಗದ ಸದ್ದು ಕೇಳಿ ಬೆಳೆದವರು ಆ ಹಾಲ್ ಬಿಟ್ಟು ಹೊರಡುವುದು ಕಷ್ಟ. 1924ರ ಜಿ ಮಾದರಿ ಮಗ್ಗದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಓಡುತ್ತಿರುವಾಗಲೇ ಲಾಳಿ ಬದಲಾಗುವುದು, ನೂಲು ಹರಿದರೆ ತಾನೇ ನಿಲ್ಲುವುದು ಕಾಣುತ್ತದೆ. ಕಾರುಗಳ ಭಾಗ ದೊಡ್ಡದು. ಎರಡನ್ನೂ ಪೂರ್ತಿ ನೋಡುವ ಆಸೆಗೆ ಬೀಳಬೇಡಿ, ಒಂದನ್ನು ಆರಿಸಿ.

ಮುಂಜಾನೆ, ಮೊದಲ ಮೀಟಿಂಗಿಗೆ ಮೊದಲು. ಅತ್ಸುತಾ ದೇಗುಲ. ಆವರಣಕ್ಕೆ ಬಾಗಿಲು ಹಾಕುವುದಿಲ್ಲ, ಟಿಕೆಟ್ ಇಲ್ಲ. ಮೆಯ್ತೆತ್ಸು ನಗೊಯಾದಿಂದ ಜಿಂಗುಮಾಯೆಗೆ ವೇಗದ ಗಾಡಿಯಲ್ಲಿ ಏಳೆಂಟು ನಿಮಿಷ. 6:15ರ ಹೊತ್ತಿಗೆ ಸ್ಟೇಷನ್ನಿನಲ್ಲಿದ್ದರೆ 7:30ಕ್ಕೆ ವಾಪಸ್, ಜನ ತುಂಬುವ ಮೊದಲೇ. ಜಲ್ಲಿ ಹಾಸಿದ ಅಗಲ ದಾರಿ, ಎರಡೂ ಕಡೆ ಹೆಮ್ಮರಗಳು. ಆ ಹೊತ್ತಿನಲ್ಲಿ ನಿಮ್ಮ ಹೆಜ್ಜೆಯ ಸದ್ದೇ ನಿಮಗೆ ಕೇಳುತ್ತದೆ. ಒಂದು ಕರ್ಪೂರದ ಮರಕ್ಕೆ ಸಾವಿರ ವರ್ಷದ ಮೇಲಾಗಿದೆ ಎನ್ನುತ್ತಾರೆ. ಆಫೀಸಿಗೆ ಹೋಗುವವರು ಬ್ಯಾಗ್ ಹಿಡಿದೇ ಬಂದು, ಕೈಮುಗಿದು ಹೋಗುತ್ತಿರುತ್ತಾರೆ. ಕ್ರಮ ಸುಲಭ: ತೋರಿ ಬಾಗಿಲಿನಲ್ಲಿ ಒಮ್ಮೆ ತಲೆ ಬಾಗಿಸಿ, ನೀರಿನ ತೊಟ್ಟಿಯಲ್ಲಿ ಕೈ ತೊಳೆದು, ದೇವರ ಮುಂದೆ ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಿ. ದಾರಿಯ ನಟ್ಟನಡುವೆ ನಡೆಯಬೇಡಿ, ಅದು ದೇವರಿಗೆ ಬಿಟ್ಟದ್ದು.

ನಗೊಯಾದಲ್ಲಿ ಒಂದೇ ಒಂದು ಜಾಗ ನೋಡಲು ಸಾಧ್ಯ ಅಂದರೆ ಇದನ್ನೇ ನೋಡಿ.

ಸಂಜೆ. ಒಸು ಕನ್ನೊನ್ ದೇವಸ್ಥಾನ ಮತ್ತು ಅದರ ಪಕ್ಕದ ಚಾವಣಿ ಹೊದಿಸಿದ ಪೇಟೆ. ಫುಶಿಮಿಯಲ್ಲಿ ತ್ಸುರುಮಾಯ್ ಲೈನಿಗೆ ಬದಲಿಸಿ, ಮುಂದಿನ ನಿಲ್ದಾಣ. ಮಳೆಗೂ ಹೆದರಬೇಕಿಲ್ಲ. ಆದರೆ 7ರಿಂದ 8ರೊಳಗೆ ಬಹಳ ಅಂಗಡಿಗಳು ಶಟರ್ ಎಳೆಯುತ್ತವೆ, ಹಾಗಾಗಿ 6ಕ್ಕೇ ಅಲ್ಲಿರಿ. ತಿಂಗಳ 18 ಮತ್ತು 28ರಂದು ದೇವಸ್ಥಾನದ ಅಂಗಳದಲ್ಲಿ ಹಗಲಲ್ಲಿ ಹಳೆಯ ಸಾಮಾನಿನ ಸಂತೆ ಇರುತ್ತದೆ. 8ರ ನಂತರ ಬಿಡುವಾದರೆ ಒಸು ಬೇಡ. ಸಕಾಯೆಗೆ ಹೋಗಿ, 1954ರ ಟಿವಿ ಗೋಪುರ ಮತ್ತು ದೀಪ ಹಚ್ಚಿದ ಒಯಾಸಿಸ್ 21 ಗಾಜಿನ ಚಾವಣಿ ನೋಡಿ ಬನ್ನಿ.

## ಹಂತ 5: ರೈಲು ಹತ್ತುವಾಗ

ಸಬ್‌ವೇ ಸುಲಭ. ಬಣ್ಣ ನೆನಪಿಟ್ಟರೆ ಸಾಕು: ಹಿಗಶಿಯಾಮಾ ಹಳದಿ, ಮೆಯ್ಜೊ ನೇರಳೆ, ಸಕುರಾದೋರಿ ಕೆಂಪು, ತ್ಸುರುಮಾಯ್ ನೀಲಿ. ಮೆಯ್ಜೊ ಲೈನ್ ಸುತ್ತು ಹಾಕುತ್ತದೆ. ತಪ್ಪು ದಿಕ್ಕಿಗೆ ಹತ್ತಿದರೆ "ಹೇಗೂ ಸುತ್ತಿ ಬರುತ್ತದಲ್ಲ" ಅಂತ ಕೂರಬೇಡಿ, ಮುಂದಿನ ನಿಲ್ದಾಣದಲ್ಲೇ ಇಳಿಯಿರಿ.

ಹಿಗಶಿಯಾಮಾ ಲೈನಿನಲ್ಲಿ ವಾರದ ದಿನಗಳಲ್ಲಿ ಬೆಳಿಗ್ಗೆ 9ರವರೆಗೆ ಮತ್ತು ಸಂಜೆ 5ರಿಂದ 9ರವರೆಗೆ ಒಂದು ಬೋಗಿ ಹೆಂಗಸರಿಗೆ ಮಾತ್ರ. ಪ್ಲಾಟ್‌ಫಾರಂ ನೆಲದ ಮೇಲೆ ಗುರುತು ಇರುತ್ತದೆ. ಗಂಡಸರು ಸಾಲಿಗೆ ನಿಲ್ಲುವ ಮೊದಲು ಕೆಳಗೆ ನೋಡಿ.

ಮೆಯ್ತೆತ್ಸು ನಗೊಯಾ ನಿಲ್ದಾಣ ಮಾತ್ರ ಕಷ್ಟದ್ದು. ಒಂದೇ ಪ್ಲಾಟ್‌ಫಾರಂಗೆ ಒಂದೆರಡು ನಿಮಿಷಕ್ಕೊಂದು ಗಾಡಿ ಬರುತ್ತದೆ, ಒಂದೊಂದೂ ಒಂದೊಂದು ಕಡೆಗೆ. ಬೇರೆ ಬೇರೆ ದಿಕ್ಕಿಗೆ ನಿಲ್ಲುವ ಸಾಲುಗಳ ಬಣ್ಣವೂ ಬೇರೆ. ಬಂದ ಗಾಡಿಗೆ ಹತ್ತಬೇಡಿ. ಬೋರ್ಡಿನಲ್ಲಿ ಊರಿನ ಹೆಸರು, ಗಾಡಿಯ ದರ್ಜೆ ಎರಡನ್ನೂ ನೋಡಿ. ಸಕೊದಲ್ಲಿ ಎಲ್ಲ ಗಾಡಿ ನಿಲ್ಲುವುದಿಲ್ಲ, ಲೋಕಲ್ ಹಿಡಿಯಿರಿ. ಅತ್ಸುತಾಕ್ಕೆ ಟೊಯೊಹಾಶಿ ಅಥವಾ ವಿಮಾನ ನಿಲ್ದಾಣದ ಕಡೆಯ ಗಾಡಿ ಆಗುತ್ತದೆ. ಆದರೆ ಮ್ಯೂ ಸ್ಕೈ ಹತ್ತಬೇಡಿ, ಅದಕ್ಕೆ ಬೇರೆ ಸೀಟು ಟಿಕೆಟ್ ಬೇಕು. ಇತರ ವೇಗದ ಗಾಡಿಗಳಲ್ಲೂ ಕೆಲವು ಬೋಗಿಗಳು ಹಾಗೆಯೇ.

ಎಸ್ಕಲೇಟರಿನಲ್ಲಿ ನಡೆಯಬೇಡಿ. 2023ರ ಅಕ್ಟೋಬರಿನಿಂದ ನಗೊಯಾದಲ್ಲಿ ನಿಂತೇ ಹೋಗಬೇಕು ಎಂಬ ನಿಯಮವಿದೆ. ಗಾಡಿಯೊಳಗೆ ಫೋನಿನಲ್ಲಿ ಮಾತಾಡಬೇಡಿ. ಕರೆ ಬಂದರೆ ಇಳಿದು, ಮುಗಿಸಿ, ಮುಂದಿನ ಗಾಡಿ ಹತ್ತಿ.

ಕೊನೆಯದಾಗಿ, ಹೊರಬಾಗಿಲಿನ ನಂಬರ್. ನಿಲ್ದಾಣದ ಹೆಸರಿನ ಜೊತೆ ಅದನ್ನೂ ಬರೆದುಕೊಳ್ಳಿ. ಸಕಾಯೆಯಲ್ಲಿ ತಪ್ಪು ಬಾಗಿಲು ಹಿಡಿದರೆ ನೆಲದಡಿಯಲ್ಲೇ ಹತ್ತು ನಿಮಿಷ ಹೋಗುತ್ತದೆ.

## ಹಂತ 6: ಹೊಟ್ಟೆಗೆ

ಬೆಳಿಗ್ಗೆ ಹೋಟೆಲಿನ ಬಫೆ ಒಂದು ದಿನವಾದರೂ ಬಿಡಿ. ನಗೊಯಾದ ಕಾಫಿ ಅಂಗಡಿಗಳಲ್ಲಿ "ಮಾರ್ನಿಂಗ್" ಅಂತ ಒಂದು ರೂಢಿ ಇದೆ. ಬೆಳಿಗ್ಗೆ ಒಂದು ಕಾಫಿ ಹೇಳಿದರೆ ಅದೇ ದುಡ್ಡಿಗೆ ಟೋಸ್ಟ್ ಮತ್ತು ಬೇಯಿಸಿದ ಮೊಟ್ಟೆ. 1968ರಲ್ಲಿ ಇದೇ ಊರಲ್ಲಿ ಶುರುವಾದ ಕೊಮೆದಾದಲ್ಲಿ 11ರವರೆಗೆ ಸಿಗುತ್ತದೆ. ಮೊಟ್ಟೆ ಬದಲು ಒಗುರಾ ಕೇಳಬಹುದು. ಒಗುರಾ ಅಂದರೆ ಕೆಂಪು ಕಾಳನ್ನು ಬೇಯಿಸಿ ಸಿಹಿ ಹಾಕಿದ ಮುದ್ದೆ. ದಪ್ಪ ಟೋಸ್ಟಿನ ಮೇಲೆ ಬೆಣ್ಣೆ ಕರಗುತ್ತಿರುವಾಗ ಅದನ್ನು ಹಚ್ಚಿ ತಿಂದರೆ ಹೋಳಿಗೆ ಹೂರಣ ನೆನಪಾಗದೆ ಇರುವುದಿಲ್ಲ.

ಸಸ್ಯಾಹಾರಿಗಳಿಗೆ ಒಂದು ಗಟ್ಟಿ ಎಚ್ಚರಿಕೆ. ಇಲ್ಲಿನ ಕಿಶಿಮೆನ್ ನೂಡಲ್ಸ್ ಮಾಂಸ ಇಲ್ಲದಂತೆ ಕಾಣುತ್ತದೆ. ಆದರೆ ಸಾರು ಮೀನಿನ ದಾಶಿಯದು, ಮೇಲೆ ಬಿಸಿಗೆ ಅಲುಗಾಡುವ ತೆಳು ಚೂರುಗಳು ಒಣಗಿಸಿದ ಮೀನಿನವು. ಬರೀ "ವೆಜಿಟೇರಿಯನ್" ಅಂದರೆ ಮಾಂಸ ತೆಗೆದು ಸಾರು ಹಾಗೇ ಕೊಡುತ್ತಾರೆ. ಹೀಗೆ ಹೇಳಿ: "ನಿಕು ಮೊ, ಸಕಾನಾ ಮೊ, ಸಕಾನಾ ನೊ ದಾಶಿ ಮೊ ತಬೆರರೆಮಾಸೆನ್." ಮಾಂಸ, ಮೀನು, ಮೀನಿನ ಸಾರು ಯಾವುದನ್ನೂ ತಿನ್ನಲಾಗದು ಅಂತ. ಜಪಾನಿ ಅಕ್ಷರದಲ್ಲಿ ಫೋನಿನಲ್ಲಿ ಉಳಿಸಿಟ್ಟು ತೋರಿಸಿದರೆ ಇನ್ನೂ ಒಳ್ಳೆಯದು. ಬೀದಿ ಅಂಗಡಿಯ ಉಪ್ಪು ಹುಣಿಸೆ ರುಚಿಯ ಉಮೆ ಹಣ್ಣಿನ ಅನ್ನದುಂಡೆ ಕೈಗೆ ಸಿಗುವ ಊಟ, ಆದರೂ ಪೊಟ್ಟಣವನ್ನು ಕ್ಯಾಮೆರಾದಲ್ಲಿ ಓದಿಸಿ. ಕೆಲವಕ್ಕೆ ಮೀನಿನ ಪುಡಿ ಬೆರೆಸಿರುತ್ತಾರೆ.

12ರಿಂದ 1 ಎಲ್ಲೆಡೆ ಸಾಲು. 11:30ಕ್ಕೇ ಕೂತರೆ 20 ನಿಮಿಷದಲ್ಲಿ ಮುಗಿಯುತ್ತದೆ. 2ರ ನಂತರ ಬಹಳಷ್ಟು ಊಟದ ಅಂಗಡಿಗಳು ಸಂಜೆಯವರೆಗೆ ಮುಚ್ಚುತ್ತವೆ.

## ಹಂತ 7: ವಾಪಸ್ ಬಂದು ಕೂರುವ ಮೊದಲು

ಜುಲೈ, ಆಗಸ್ಟಿನಲ್ಲಿ ನಗೊಯಾ 35 ಡಿಗ್ರಿ ದಾಟುತ್ತದೆ, ಜೊತೆಗೆ ಮಂಗಳೂರಿನಂಥ ಸೆಕೆ. ಹತ್ತು ನಿಮಿಷ ನಡೆದರೆ ಅಂಗಿ ಬೆನ್ನಿಗೆ ಅಂಟುತ್ತದೆ. ಇನ್ನೊಂದು ಅಂಗಿ ಜೊತೆಗಿರಲಿ. ಬೀದಿ ಅಂಗಡಿಗಳಲ್ಲಿ ಬಾಡಿ ಶೀಟ್ ಅನ್ನುವ ಒದ್ದೆ ಕಾಗದದ ಪೊಟ್ಟಣ ಸಿಗುತ್ತದೆ, ಸ್ಟೇಷನ್ ಶೌಚಾಲಯದಲ್ಲೇ ಮೈ ಒರೆಸಿಕೊಂಡು ಅಂಗಿ ಬದಲಿಸಿ. ವಿಸಿಟಿಂಗ್ ಕಾರ್ಡನ್ನು ಪ್ಯಾಂಟಿನ ಹಿಂಬದಿ ಜೇಬಿನಲ್ಲಿ ಇಡಬೇಡಿ. ಬೆವರಿಗೆ ಮೆತ್ತಗಾದ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಕೊಡುವುದು ಯಾರಿಗೂ ಚೆಂದವಲ್ಲ.

## ಈ ಲಕ್ಷಣ ಕಂಡರೆ ಅಲ್ಲಿಂದಲೇ ತಿರುಗಿ

- ಲೆಕ್ಕ ಹಾಕಿದ ಹಿಂತಿರುಗುವ ಸಮಯ ಬಂತು, ಜಾಗ ಇನ್ನೂ ಅರ್ಧ ಉಳಿದಿದೆ. ಹೊರಡಿ.
- ಹೋಗುವಾಗಲೇ ಎರಡು ಸಲ ದಾರಿ ತಪ್ಪಿತು. ಬರುವಾಗಲೂ ತಪ್ಪಬಹುದು, ಅಲ್ಲಿಂದಲೇ ವಾಪಸ್ ಬನ್ನಿ.
- ಫೋನಿನ ಬ್ಯಾಟರಿ 20ಕ್ಕಿಂತ ಕೆಳಗಿಳಿಯಿತು. ದಾರಿ, ವಿಳಾಸ, ಅನುವಾದ ಎಲ್ಲ ಅದರಲ್ಲೇ ಇದೆ.
- ಚಂಡಮಾರುತದ ಸುದ್ದಿ ಬಂತು. ರೈಲು ಕಂಪನಿಗಳು ಇಂಥ ಗಂಟೆಯಿಂದ ಗಾಡಿ ಓಡುವುದಿಲ್ಲ ಅಂತ ಮುಂಚೆಯೇ ಹೇಳಿಬಿಡುತ್ತವೆ. ಆ ದಿನ ಹೋಟೆಲ್ ಮತ್ತು ಮೀಟಿಂಗ್ ಜಾಗ ಬಿಟ್ಟು ಎಲ್ಲೂ ಬೇಡ.
- ಬೋರ್ಡಿನಲ್ಲಿ ನಿಮ್ಮ ಲೈನಿನ ಎದುರು ತಡ ಅಂತ ಬಂತು. ಐದು ನಿಮಿಷ ಅಂತಿದ್ದರೂ ತಕ್ಷಣ ಮೀಟಿಂಗಿನವರಿಗೆ ಸಂದೇಶ ಕಳಿಸಿ, ತಲುಪಿದ ಮೇಲೆ ಹೇಳೋಣ ಅಂತ ಕಾಯಬೇಡಿ. ಇಳಿದ ನಿಲ್ದಾಣದ ಸಿಬ್ಬಂದಿಯನ್ನು "ಚಿಯೆನ್ ಶೋಮೆಯ್ಶೊ" ಕೇಳಿ. ರೈಲು ತಡವಾಗಿತ್ತು ಎಂದು ಬರೆದ ಸಣ್ಣ ಚೀಟಿ ಅದು. ಅಲ್ಲಿನ ಆಫೀಸುಗಳಲ್ಲಿ ಅದಕ್ಕೆ ಬೆಲೆಯಿದೆ, ಜೇಬಿನಲ್ಲಿಟ್ಟುಕೊಂಡೇ ಒಳಗೆ ಹೋಗಿ.